ನಿಂತುಹೋದ ಒಂಟಿ ಯುದ್ಧದಾಟವನ್ನು ಮುಂದುವರಿಸುವುದು ಹೇಗೆ?

ಮೇಜಿನ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನು ನಿಲ್ಲಿಸಿ, ದಾಳ ಮತ್ತು ಅಳತೆ ಟೇಪು ಹಿಡಿದು, ಎರಡೂ ಪಕ್ಷಗಳನ್ನು ಒಬ್ಬರೇ ನಡೆಸುವ ಆಟದಲ್ಲಿ ಒಂದು ಕಾಳಗದ ಫಲ ಮುಂದಿನದಕ್ಕೂ ದಾಟುತ್ತದೆ. ಸತ್ತವರು ಮರಳುವುದಿಲ್ಲ, ಗಾಯಗೊಂಡ ನಾಯಕ ಮುಂದಿನ ಸಲ ಕುಂಟುತ್ತಲೇ ಬರುತ್ತಾನೆ. ಆಟಗಾರರು ಕ್ಯಾಂಪೇನ್ ಎಂದು ಕರೆಯುವ ಈ ಸರಣಿಯನ್ನು ಮುಂದುವರಿಸುವಂತೆ ಒತ್ತಾಯಿಸುವ ಎದುರಾಳಿ ಇಲ್ಲದಿರುವುದರಿಂದ, ಅದು ಒಮ್ಮೆ ನಿಂತರೆ ತಿಂಗಳುಗಟ್ಟಲೆ ನಿಂತೇಬಿಡುತ್ತದೆ. ಮರಳಿ ಬಂದಾಗ ಹಳೆಯದನ್ನು ಕೈಬಿಟ್ಟು ಮೊದಲಿನಿಂದ ಆರಂಭಿಸುವ ಆಸೆ ಹುಟ್ಟುವುದು ಸಹಜ. ಆದರೆ ಅದರ ಅಗತ್ಯವಿಲ್ಲ. ಬಿಡುವಿನ ಕಾಲವನ್ನೂ ಕಥೆಯೊಳಕ್ಕೆ ಸೇರಿಸಿಕೊಳ್ಳಬಹುದು.

ಮೊದಲು ಪೆಟ್ಟಿಗೆ ತೆರೆದು ಗೊಂಬೆಗಳನ್ನು ಪರೀಕ್ಷಿಸಿ. ಸೂಪರ್ ಗ್ಲೂ ಗಟ್ಟಿಯಾದರೂ ಪೆಡಸು; ಸಣ್ಣ ಪೆಟ್ಟಿಗೂ ಈಟಿ, ಕತ್ತಿ, ತೋಳುಗಳು ಕಳಚಿಕೊಳ್ಳುತ್ತವೆ. ಹಳೆಯ ಅಂಟನ್ನು ಕೆರೆದು ತೆಗೆದ ಬಳಿಕವೇ ಮತ್ತೆ ಅಂಟಿಸಬೇಕು. ಹಳೆಯ ಸೀಸದ ಗೊಂಬೆಗಳ ಮೇಲೆ ಬಿಳಿ ಅಥವಾ ಬೂದು ಬಣ್ಣದ ಪುಡಿ ಕಂಡರೆ ಅದನ್ನು ಊದಬೇಡಿ, ಒಣ ಬ್ರಷ್‌ನಿಂದ ಉಜ್ಜಲೂಬೇಡಿ. ಅದು ಸೀಸ ಸವೆದು ಉಂಟಾದ ವಿಷಕಾರಿ ಪುಡಿ. ಕೆಲವು ಮರಗಳು, ಅದರಲ್ಲೂ ಓಕ್, ಹೊರಸೂಸುವ ಆಮ್ಲೀಯ ಆವಿಯಿಂದ ಈ ಸವೆತ ಹೆಚ್ಚುತ್ತದೆ. ಕೈಗವಸು ಹಾಕಿಕೊಂಡು ಅಂಥ ಗೊಂಬೆಯನ್ನು ಬೇರೆಯಿರಿಸಿ, ಉಳಿದವನ್ನು ಮರದ ಕಪಾಟಿನಿಂದ ಹೊರತನ್ನಿ. ಅರ್ಧ ಬಣ್ಣ ಹಚ್ಚಿದವುಗಳನ್ನು ಪೂರ್ತಿಗೊಳಿಸಲು ಈಗ ಕೂರಬೇಡಿ. ಕುಳಿತರೆ ಆಟ ಮತ್ತೊಂದು ತಿಂಗಳು ಮುಂದೆ ಹೋಗುತ್ತದೆ.

ನಂತರ ಹಳೆಯ ನೋಟ್‌ಬುಕ್ಕಿನ ಕೊನೆಯ ಎರಡು ಕಾಳಗಗಳ ಟಿಪ್ಪಣಿಯನ್ನಷ್ಟೇ ಓದಿ, ಯಾರು ಬದುಕಿದ್ದಾರೆ, ಯಾವ ನೆಲ ಯಾರ ಕೈಯಲ್ಲಿದೆ, ನಾಯಕನ ಗುರಿ ಏನಿತ್ತು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ನೆನಪಿಗೆ ಬಾರದ ಸಂಗತಿಗೆ ದಾಳವೇ ಉತ್ತರ ಕೊಡಲಿ.

ಬಿಡುವಿನ ಅವಧಿಯನ್ನು ತುಂಬುವುದೂ ದಾಳದಿಂದಲೇ. ಆಟದ ಲೋಕದಲ್ಲಿ ಒಂದು ಋತು ಕಳೆದಿದೆಯೆಂದು ಭಾವಿಸಿ, ಪ್ರತಿ ಪಡೆಗೂ ಎರಡು ಆರುಮುಖದ ದಾಳಗಳನ್ನು ಒಟ್ಟಿಗೆ ಎಸೆಯಿರಿ. ಮೂವತ್ತಾರು ಸಾಧ್ಯತೆಗಳಲ್ಲಿ ಏಳು ಬರುವುದು ಆರು ರೀತಿಯಲ್ಲಿ, ಎರಡು ಅಥವಾ ಹನ್ನೆರಡು ಬರುವುದು ತಲಾ ಒಂದೇ ರೀತಿಯಲ್ಲಿ. ಆದ್ದರಿಂದ ಆರು, ಏಳು, ಎಂಟಕ್ಕೆ ‘ಹೆಚ್ಚು ಬದಲಾವಣೆಯಿಲ್ಲ’ ಎಂದಿಟ್ಟುಕೊಂಡು, ದಂಗೆ, ನಾಯಕನ ಸಾವು, ಹೊಸ ಮಿತ್ರಪಡೆಯಂಥ ದೊಡ್ಡ ತಿರುವುಗಳನ್ನು ಎರಡೂ ತುದಿಗಳಿಗೆ ಮೀಸಲಿಡಿ.

ಮೊದಲ ಕಾಳಗ ಚಿಕ್ಕದಿರಲಿ. ಎರಡು ಅಡಿ ಚೌಕದ ನೆಲ, ಪ್ರತಿ ಪಕ್ಷಕ್ಕೆ ಆರೆಂಟು ಗೊಂಬೆಗಳು, ಒಂದೇ ಗುರಿ ಸಾಕು. ನಿಯಮ ಪುಸ್ತಕದಲ್ಲಿ ಚಲನೆ, ಗುಂಡಿನ ದಾಳಿ, ಕೈಕೈ ಕಾಳಗ, ಧೈರ್ಯ ಪರೀಕ್ಷೆ ಇವಿಷ್ಟನ್ನೇ ಓದಿಕೊಳ್ಳಿ. ಉಳಿದ ನಿಯಮಗಳು ಬೇಕಾದಾಗ ತಾವಾಗಿಯೇ ಹುಡುಕಿಸಿಕೊಳ್ಳುತ್ತವೆ.

ಇನ್ನು ಎದುರಾಳಿಯ ಬುದ್ಧಿ. 1824ರಲ್ಲಿ ಪ್ರಶ್ಯದ ಸೇನಾಧಿಕಾರಿ ರೈಸ್ವಿಟ್ಸ್ ಪ್ರಕಟಿಸಿದ ಕ್ರೀಗ್ಸ್‌ಶ್ಪೀಲ್ ಎಂಬ ಯುದ್ಧದಾಟದಲ್ಲಿ, ಶತ್ರುವಿನ ಯಾವ ತುಕಡಿ ಆಟಗಾರನ ಕಣ್ಣಿಗೆ ಬೀಳಬೇಕೆಂಬುದನ್ನು ನಿರ್ಣಾಯಕ ನಿರ್ಧರಿಸುತ್ತಿದ್ದ. ಒಂಟಿ ಆಟದಲ್ಲಿ ಆ ಕೆಲಸ ಕಾಗದದ ಚೂರುಗಳದ್ದು. ಶತ್ರುವಿನ ಒಂದೊಂದು ತುಕಡಿಗೆ ಒಂದು ನಿಜವಾದ ಚೀಟಿ, ಎರಡು ಖಾಲಿ ಚೀಟಿ ಮಾಡಿ, ಕಲಸಿ, ಮಗುಚಿ ಇಡಿ; ನಿಮ್ಮವರು ಹತ್ತಿರ ಹೋಗಿ ನೋಡಿದಾಗಲಷ್ಟೇ ತಿರುಗಿಸಿ. ಶತ್ರು ಏನು ಮಾಡಬೇಕೆಂಬ ಪ್ರಶ್ನೆ ಬಂದಾಗ ಅವನ ಸ್ಥಾನದಲ್ಲಿ ನಿಂತು ಮೂರು ಆಯ್ಕೆಗಳನ್ನು ಬರೆಯಿರಿ. ಉದಾಹರಣೆಗೆ ಸೇತುವೆ ಕಾಯುತ್ತಿರುವ ಬಿಲ್ಲುಗಾರರಿಗೆ ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಅಲ್ಲೇ ನಿಂತು ಬಾಣ ಬಿಡುವುದು, ನಾಲ್ಕು ಅಥವಾ ಐದಕ್ಕೆ ಹಿಂದಿನ ಬೇಲಿಗೆ ಸರಿಯುವುದು, ಆರಕ್ಕೆ ಕತ್ತಿ ಹಿರಿದು ಮೇಲೆ ಬೀಳುವುದು. ಜಾಣ ನಡೆ ಅರ್ಧದಷ್ಟು ಸಲ ಬರುತ್ತದೆ, ಹುಚ್ಚು ಸಾಹಸ ಆರರಲ್ಲಿ ಒಂದು ಸಲ. ಆಯ್ಕೆಗಳನ್ನು ಬರೆಯುವ ಮೊದಲೇ ದಾಳ ಎಸೆದರೆ ನಮಗೆ ಬೇಕಾದ ಉತ್ತರದತ್ತ ಮನಸ್ಸು ವಾಲುತ್ತದೆ, ಆದ್ದರಿಂದ ಈ ಕ್ರಮವನ್ನು ಮುರಿಯಬಾರದು.

ಸರದಿಗೆ ಇಸ್ಪೀಟು ಎಲೆಗಳು ಒಳ್ಳೆಯವು. ನಿಮ್ಮ ಪ್ರತಿ ತುಕಡಿಗೆ ಒಂದು ಕೆಂಪು ಎಲೆ, ಶತ್ರುವಿನದಕ್ಕೆ ಒಂದು ಕಪ್ಪು ಎಲೆ, ಜೊತೆಗೊಂದು ಜೋಕರ್ ಸೇರಿಸಿ ಕಲಸಿ. ಎಲೆ ತೆಗೆದಂತೆ ಆಯಾ ಬಣ್ಣದ ತುಕಡಿ ನಡೆಯಲಿ, ಜೋಕರ್ ಬಂದೊಡನೆ ಆ ಸುತ್ತು ಮುಗಿಯಲಿ. ಯೋಜನೆ ಹಾಕಿದ ಕೈಯೇ ಶತ್ರುವನ್ನೂ ನಡೆಸುವ ಈ ಆಟದಲ್ಲಿ, ನೀವು ನಂಬಿಕೊಂಡಿದ್ದ ತುಕಡಿ ಕೆಲವೊಮ್ಮೆ ಕದಲದೆಯೇ ಉಳಿಯುವುದು ಅನಿವಾರ್ಯ, ಅಪೇಕ್ಷಣೀಯವೂ ಹೌದು.

ಕಾಳಗ ಮುಗಿದ ದಿನವೇ ನಷ್ಟ, ಗಾಯ, ಗೆದ್ದ ನೆಲ ಇವನ್ನು ನಾಲ್ಕೈದು ಸಾಲಿನಲ್ಲಿ ದಾಖಲಿಸಿ. ಕೊನೆಯ ಸಾಲಿನಲ್ಲಿ ಮುಂದಿನ ಕಾಳಗ ಎಲ್ಲಿ, ಯಾವ ಕಾರಣಕ್ಕೆ ಎಂಬುದನ್ನೂ ಬರೆದು, ಅದಕ್ಕೆ ಬೇಕಾದ ಗೊಂಬೆಗಳನ್ನು ಪೆಟ್ಟಿಗೆಯ ಮೇಲಿನ ಪದರದಲ್ಲಿಡಿ.