ಮೆಟಲ್ ಡಿಟೆಕ್ಟರ್ ಕೊಳ್ಳುವ ಮುಂಚೆ: ಹೊಸದಾಗಿ ಬಂದವರಿಗೆ

ಹೊರದೇಶಕ್ಕೆ ಬಂದು ನೆಲೆ ನಿಂತ ಮೇಲೆ ರಜೆಯ ದಿನ ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುವ ಆಸೆ ನಮ್ಮವರಲ್ಲಿ ಹಲವರಿಗೆ ಬರುತ್ತದೆ. ಒಳ್ಳೆಯ ಹವ್ಯಾಸ. ಆದರೆ ಎಲ್ಲರೂ ಮೊದಲು ಕೇಳುವುದು, "ಯಾವುದು ಜಾಸ್ತಿ ಆಳಕ್ಕೆ ಹೋಗುತ್ತೆ?" ಅಂತ. ಅದಕ್ಕೂ ಮುಂಚೆ ಎಲ್ಲಿ ಹುಡುಕುತ್ತೀರಿ ಅನ್ನುವುದನ್ನು ತೀರ್ಮಾನಿಸಿ.

ಹೊಲ, ಮೈದಾನಗಳಲ್ಲಿ ನಾಣ್ಯ, ಉಂಗುರ ಹುಡುಕುವುದಾದರೆ ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ, ಅಂದರೆ ಕಡಿಮೆ ಕಂಪನದ ಅಲೆ ಬಳಸುವ) ಮಾದರಿ ಸಾಕು. 10ರಿಂದ 20 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಯದು ಸಾಮಾನ್ಯವಾಗಿ ಎಲ್ಲಕ್ಕೂ ಆಗುತ್ತದೆ. ಮಣ್ಣಿನಲ್ಲಿ ಚಿನ್ನದ ಸಣ್ಣ ಚೂರು ಹುಡುಕುವವರಿಗೆ 40ರ ಆಸುಪಾಸಿನದು, ಇಲ್ಲವೇ ಅದಕ್ಕೂ ಹೆಚ್ಚಿನದು ಬೇಕು.

ಸಮುದ್ರ ತೀರದ ಕಥೆಯೇ ಬೇರೆ. ಉಪ್ಪು ನೀರಲ್ಲಿ ನೆನೆದ ಮರಳು ವಿದ್ಯುತ್ ಹರಿಸುತ್ತದೆ. ಹಾಗಾಗಿ ಒಂದೇ ಫ್ರೀಕ್ವೆನ್ಸಿಯ ಯಂತ್ರ ಅಲ್ಲಿ ಏನೂ ಇಲ್ಲದಿದ್ದರೂ ಸುಮ್ನೆ ಕೂಗುತ್ತಿರುತ್ತದೆ. ಅಲ್ಲಿಗೆ ಮಲ್ಟಿ ಫ್ರೀಕ್ವೆನ್ಸಿಯದೇ ಸರಿ. ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ವಿದ್ಯುತ್ ಮಿಡಿತ ಕಳಿಸುವ) ಯಂತ್ರವೂ ಉಪ್ಪಿಗೆ ಜಗ್ಗುವುದಿಲ್ಲ, ಆಳಕ್ಕೂ ಹೋಗುತ್ತದೆ. ಆದರೆ ಮೊಳೆ ಯಾವುದು, ಉಂಗುರ ಯಾವುದು ಅಂತ ಸರಿಯಾಗಿ ಹೇಳುವುದಿಲ್ಲ. ಮೊದಲ ಯಂತ್ರವಾಗಿ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಇನ್ನೊಂದು, ಹಲವು ಮಾದರಿಗಳಲ್ಲಿ ಕಾಯಿಲ್ (ನೆಲದ ಮೇಲೆ ಬೀಸುವ, ತುದಿಯ ಚಪ್ಪಟೆ ತಟ್ಟೆ) ಮಾತ್ರ ನೀರಿಗೆ ಇಳಿಸಬಹುದು, ಮೇಲಿನ ಪೆಟ್ಟಿಗೆಗೆ ನೀರು ತಾಗಬಾರದು. ಕೇಳಿಯೇ ಕೊಳ್ಳಿ.

ಯಾವ ಲೋಹ ಇರಬಹುದು ಅಂತ ಸೂಚಿಸಲು ಪರದೆಯ ಮೇಲೆ ಬರುವ ನಂಬರನ್ನು ಪೂರ್ತಿ ನಂಬಬೇಡಿ. ತಂಪು ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಕೊಂಡಿಗೂ ಚಿನ್ನದ ಉಂಗುರಕ್ಕೂ ಎಷ್ಟೋ ಸಲ ಒಂದೇ ನಂಬರ್ ಬರುತ್ತದೆ. ಕಸ ಬೇಡ ಅಂತ ಆ ನಂಬರನ್ನೇ ಮುಚ್ಚಿಬಿಟ್ಟರೆ ಚಿನ್ನವೂ ಹೋಯಿತು, ಅಲ್ವಾ? ಕಬ್ಬಿಣವನ್ನಷ್ಟೇ ತಡೆದು, ಉಳಿದದ್ದನ್ನೆಲ್ಲ ಅಗೆದು ನೋಡಿ. ಸದ್ದಿನ ವ್ಯತ್ಯಾಸ ಕಿವಿಗೆ ತಾನಾಗಿ ರೂಢಿಯಾಗುತ್ತದೆ.

ದೊಡ್ಡ ಕಾಯಿಲ್ ಆಳಕ್ಕೆ ಒಳ್ಳೆಯದು. ಆದರೆ ಕಸ ಜಾಸ್ತಿ ಇರುವ ಕಡೆ ಸಣ್ಣದೇ ವಾಸಿ, ಅಕ್ಕಪಕ್ಕದ ಎರಡು ವಸ್ತುಗಳನ್ನು ಬಿಡಿಸಿ ತೋರಿಸುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣಾದರೆ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನಿಂದಲೇ ಬರುವ ಸದ್ದನ್ನು ತಗ್ಗಿಸುವ ಹೊಂದಾಣಿಕೆ, ಇರಲೇಬೇಕು. ಅಂಗಡಿಯಲ್ಲೇ ಹತ್ತು ನಿಮಿಷ ಕೈಯಲ್ಲಿ ಹಿಡಿದು ಬೀಸಿ ನೋಡಿ, ತೋಳು ನೋಯುತ್ತಾ ಅಂತ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜಮೀನಿನ ಒಡೆಯರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಸಂರಕ್ಷಿತ ಸ್ಮಾರಕಗಳ ಹತ್ತಿರ ಹೋಗಲೇಬೇಡಿ, ವೀಸಾದ ಮೇಲಿರುವವರಂತೂ ಇನ್ನೂ ಎಚ್ಚರ. ಹಳೆಯ ವಸ್ತು ಸಿಕ್ಕರೆ ಉಜ್ಜಿ ತೊಳೆಯಬೇಡಿ. ಸಿಕ್ಕ ಜಾಗ ಗುರುತು ಹಾಕಿಕೊಂಡು, ನಿಯಮದಂತೆ ಎಲ್ಲಿ ತಿಳಿಸಬೇಕೋ ಅಲ್ಲಿ ತಿಳಿಸಿ.