ಅಪ್ಪನ ಫೋಲ್ಡರ್‌ಗೆ ಬಿದ್ದಿದ್ದ ಬೀಗ – ನನ್ನ ಅನುಭವ

ನಮ್ಮಪ್ಪಂದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಭತ್ತ ತಂದಿದ್ದು, ಕೂಲಿ ಕೊಟ್ಟಿದ್ದು, ಎಷ್ಟು ಚೀಲ ಹೋತು ಅನ್ನೋದು ಎಲ್ಲಾ ಮನೆ ಕಂಪ್ಯೂಟರಲ್ಲೇ ಬರೆದಿಡ್ತಾರೆ. ಹೋದ ಬೇಸಿಗೇಲಿ ಅದರ ಮದರ್‌ಬೋರ್ಡ್ ಕೈಕೊಡ್ತು. ಹಾರ್ಡ್ ಡಿಸ್ಕ್ ಚೆನ್ನಾಗಿತ್ತು, ಬಿಚ್ಚಿ ನನ್ನ ಕಂಪ್ಯೂಟರಿಗೆ ಹಾಕಿದೆ, ಎರಡರಲ್ಲೂ ಉಬುಂಟು 22.04 (ವಿಂಡೋಸ್ ಥರದ್ದೇ ಒಂದು ಆಪರೇಟಿಂಗ್ ಸಿಸ್ಟಮ್) ಇತ್ತು ಅದಕ್ಕೇ ಸಲೀಸಾಗಿ ಓಪನ್ ಆಗುತ್ತೆ ಅನ್ಕೊಂಡೆ. ಅಣ್ಣನ ಫೋಲ್ಡರ್ ಏನೂ ಕೇಳ್ದೆ ಓಪನ್ ಆತು. ಅಪ್ಪಂದಕ್ಕೆ ಮಾತ್ರ ಬೀಗ, ಪರ್ಮಿಷನ್ ಇಲ್ಲ ಅಂತ. ಅಪ್ಪ ಪಕ್ಕದಲ್ಲೇ ಕೂತಿದ್ರು, "ನನ್ ಲೆಕ್ಕ ನಂಗೇ ತೋರ್ಸಲ್ಲ ಅಂತೈತಲ್ಲೋ" ಅಂದ್ರು. ಭತ್ತದವ್ರಿಗೆ ಬಾಕಿ ಎಷ್ಟು ಅಂತ ಅವತ್ತೇ ನೋಡ್ಬೇಕಿತ್ತು.

ಆ ಅವಸರದಲ್ಲಿ ನಾನು ಮಾಡಿದ್ದು ತಪ್ಪು. ಯಾರೋ ಹೇಳಿದ್ದು ನೆನಪಿತ್ತು, ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಹಾಕಿ ಚ್‌ಮಾಡ್ (ಪರ್ಮಿಷನ್ ಬದಲಿಸೋ ಕಮಾಂಡ್) 777, ಮೈನಸ್ ಕ್ಯಾಪಿಟಲ್ ಆರ್ (ಒಳಗಿರೋ ಎಲ್ಲಾದಕ್ಕೂ ಅಂತ) ಸೇರಿಸಿ ಆ ಡಿಸ್ಕಿನ ಹೋಮ್ ಫೋಲ್ಡರ್ ಪೂರ್ತಿ ಮೇಲೆ ಓಡಿಸ್ಬಿಟ್ಟೆ. ಲೆಕ್ಕ ಓಪನ್ ಆತು, ಅಪ್ಪ ಬಾಕಿ ನೋಡ್ಕೊಂಡು ಹೋದ್ರು.

ಹಬ್ಬಕ್ಕೆ ಅಣ್ಣ ಬೆಂಗಳೂರಿಂದ ಬಂದಾಗ ಗೊತ್ತಾತು. ತನ್ನ ಹಳೇ ಎಸ್‌ಎಸ್‌ಎಚ್ ಕೀಲಿ (ದೂರದ ಕಂಪ್ಯೂಟರಿಗೆ ಲಾಗಿನ್ ಆಗೋಕೆ ಬಳಸೋ ಗುಟ್ಟಿನ ಫೈಲ್) ಆ ಡಿಸ್ಕಲ್ಲೇ ಇತ್ತು, ಅದನ್ನ ಹಾಕಿ ಕೆಲಸದ ಸರ್ವರ್‌ಗೆ ಹೋಗೋಕೆ ನೋಡಿದ್ರೆ, ಕೀಲಿ ಫೈಲಿನ ಪರ್ಮಿಷನ್ ತೀರಾ ಸಡಿಲ ಐತೆ, ಇದನ್ನ ಬಳಸಲ್ಲ ಅಂತು. ಬೇರೆ ಯಾರಾದ್ರೂ ಓದಬಹುದಾದ ಕೀಲೀನ ಎಸ್‌ಎಸ್‌ಎಚ್ ಮುಟ್ಟೋದೇ ಇಲ್ಲ. 777 ಅಂದ್ರೆ ಯಾರು ಬೇಕಾದ್ರೂ ಓದಿ, ತಿದ್ದಿ, ಓಡಿಸಿ ಅಂತ: ಓದೋಕೆ 4, ಬರೆಯೋಕೆ 2, ಓಡ್ಸೋಕೆ 1, ಕೂಡಿದ್ರೆ 7, ಒಂದು ಮಾಲೀಕನಿಗೆ, ಒಂದು ಗ್ರೂಪಿಗೆ, ಒಂದು ಉಳಿದೋರಿಗೆ.

ಸರಿ ಮಾಡೋಣ ಅಂತ 644 (ಮಾಲೀಕ ಓದಿ ಬರೀಬಹುದು, ಉಳಿದೋರು ಓದಬಹುದು ಅಷ್ಟೇ) ಕೊಟ್ಟೆ, ಅದೂ ಎಲ್ಲಾದಕ್ಕೂ. ಈಗ ಅಪ್ಪನ ಫೋಲ್ಡರ್ರೇ ಒಳಗೆ ಬಿಡ್ಲಿಲ್ಲ. ಇದನ್ನ ಮಾತ್ರ ಎಲ್ರೂ ತಲೇಲಿ ಇಟ್ಕೋಬೇಕು, ಫೈಲಿಗೆ ಎಕ್ಸ್ ಅಂದ್ರೆ ಓಡಿಸೋದು, ಆದ್ರೆ ಫೋಲ್ಡರಿಗೆ ಎಕ್ಸ್ ಅಂದ್ರೆ ಒಳಗೆ ಕಾಲಿಡೋದು, ಎಕ್ಸ್ ಇಲ್ಲದಿದ್ರೆ ಬರೀ ಆರ್ (ಓದೋ ಪರ್ಮಿಷನ್) ಇಟ್ಕೊಂಡು ಹೊರಗೆ ನಿಂತು ಹೆಸರು ಓದಬಹುದು ಅಷ್ಟೇ, ಒಳಗಿನ ಫೈಲ್ ಸಿಗಲ್ಲ.

ಅಲ್ಲಿಗೆ ಕೈ ಬಿಟ್ಟು ಕೂತು ಸಮಾಧಾನವಾಗಿ ಎಲ್‌ಎಸ್ ಮೈನಸ್ ಎಲ್ (ಫೈಲ್‌ಗಳ ಮಾಲೀಕ, ಪರ್ಮಿಷನ್ ತೋರಿಸೋ ಕಮಾಂಡ್) ಹಾಕಿ ನೋಡಿದೆ. ಇದನ್ನೇ ಮೊದಲು ಮಾಡಬೇಕಿತ್ತು. ಅಣ್ಣನ ಫೈಲ್ ಮುಂದೆ ನನ್ನ ಹೆಸರು! ಅಪ್ಪನ ಫೈಲ್ ಮುಂದೆ ಹೆಸರೇ ಇಲ್ಲ, 1001 ಅಂತ ನಂಬರ್. ಡಿಸ್ಕ್ ಒಳಗೆ ಮಾಲೀಕ ಅಂದ್ರೆ ನಂಬರ್ರೇ, ಹೆಸರಲ್ಲ. ಉಬುಂಟು ಮೊದಲ ಯೂಸರ್‌ಗೆ 1000, ಆಮೇಲಿನೋರಿಗೆ 1001, 1002 ಹಿಂಗೆ ಕೊಡುತ್ತೆ. ಹಳೇದರಲ್ಲಿ ಮೊದಲು ಅಣ್ಣ, ಆಮೇಲೆ ಅಪ್ಪ. ನನ್ನ ಕಂಪ್ಯೂಟರಲ್ಲಿ ನಾನೇ 1000, ಹಂಗಾಗಿ ಅಣ್ಣನ ಫೈಲ್‌ಗಳು ನನ್ನವಾಗಿ ಕಂಡ್ವು, 1001 ಅನ್ನೋರು ನನ್ನ ಕಂಪ್ಯೂಟರಲ್ಲಿ ಇರ್ಲೇ ಇಲ್ಲ. ಅಣ್ಣನ ಕೇಳದೇ ಅವನದೆಲ್ಲಾ ನಾನು ಓದಬಹುದಿತ್ತು ಅನ್ನೋದು ನಂಗೆ ಸರಿ ಅನ್ಸಲಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಈ ಬೀಗಗಳು ಬೀಗವೇ ಅಲ್ಲ, ಗುಟ್ಟಿನ ವಿಷಯ ಇದ್ರೆ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿರಬೇಕು (ಪಾಸ್‌ವರ್ಡ್ ಇಲ್ಲದೆ ಓದಕ್ಕಾಗದ ಹಾಗೆ).

ಮೊದಲು ಪರ್ಮಿಷನ್ ನೆಟ್ಟಗೆ ಮಾಡಿದೆ. ಚ್‌ಮಾಡಲ್ಲಿ ಚಿಕ್ಕ ಎಕ್ಸ್ ಬದಲು ದೊಡ್ಡ ಎಕ್ಸ್ ಕೊಡಬಹುದು, ಅದು ಫೋಲ್ಡರ್‌ಗಳಿಗೆ ಮಾತ್ರ ಎಕ್ಸ್ ಕೊಡುತ್ತೆ, ಫೈಲ್‌ಗಳನ್ನ ಬಿಡುತ್ತೆ, ಅವಕ್ಕೆ ಮೊದಲೇ ಎಕ್ಸ್ ಇದ್ರೆ ಮಾತ್ರ ಉಳಿಸುತ್ತೆ. ನನ್ನ 644 ಎಲ್ಲಾ ಎಕ್ಸ್ ತೆಗೆದಿದ್ದರಿಂದ ಈಗ ಫೋಲ್ಡರ್ 755, ಫೈಲ್ 644 ಅಂತ ಬಂದ್ವು. 777 ಆದ ಮೇಲೆ ನೇರವಾಗಿ ಇದನ್ನೇ ಕೊಟ್ಟಿದ್ರೆ ಎಲ್ಲಾ ಫೈಲಲ್ಲೂ ಎಕ್ಸ್ ಉಳೀತಿತ್ತು. ಅಪ್ಪನ ಮತ್ತೆ ಅಣ್ಣನ ಹೋಮ್ ಫೋಲ್ಡರ್‌ಗೆ 750 ಕೊಟ್ಟೆ, ಅಣ್ಣನ ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಕೀಲಿಗೆ 600. ಅಣ್ಣ ಅವತ್ತು ರಾತ್ರಿನೇ ಕೆಲಸ ಮುಗಿಸಿದ.

ಮಾಲೀಕರ ವಿಷಯಕ್ಕೆ ಚ್‌ಓನ್ (ಮಾಲೀಕನ್ನ ಬದಲಿಸೋ ಕಮಾಂಡ್) ಮಾಡಿ ಎಲ್ಲಾ ನನ್ನ ಹೆಸರಿಗೆ ಬರಕೊಳ್ಳಬಹುದಿತ್ತು, ಆದ್ರೆ ಲೆಕ್ಕ ಅಪ್ಪಂದು. ಅವ್ರಿಗೆ ನನ್ನ ಕಂಪ್ಯೂಟರಲ್ಲೇ ಅಕೌಂಟ್ ಮಾಡಿದೆ, ಆಡ್‌ಯೂಸರ್ ಅನ್ನೋ ಕಮಾಂಡಲ್ಲಿ ಯುಐಡಿ (ಯೂಸರ್ ನಂಬರ್) 1001 ಅಂತ ಹೇಳಿ. ಒಂದು ಫೈಲೂ ಮುಟ್ಟದೇ ಅಷ್ಟೂ ಫೈಲ್ ಮುಂದೆ ಅಪ್ಪನ ಹೆಸರು ಬಂತು. ಅಣ್ಣನಿಗೆ 1002 ಕೊಟ್ಟು, ಅವನ ಫೋಲ್ಡರ್ ಒಂದಕ್ಕೆ ಮಾತ್ರ ಚ್‌ಓನ್ ಮಾಡಿದೆ. ಚ್‌ಓನ್ ಎಂಟರ್ ಒತ್ತೋ ಮುಂಚೆ ಪಾತ್ (ಫೋಲ್ಡರಿನ ವಿಳಾಸ) ಎರಡು ಸಲ ಓದ್ರಿ, ಮೈನಸ್ ಕ್ಯಾಪಿಟಲ್ ಆರ್ ಇದ್ದಾಗ ಮೊದಲ ಸ್ಲ್ಯಾಶ್ ಆದ ಮೇಲೆ ಒಂದು ಸ್ಪೇಸ್ ಬಿದ್ರೂ ಸಿಸ್ಟಮ್ ಫೈಲ್‌ಗಳ ಮಾಲೀಕತ್ವ ಹಾಳಾಗಿ ಸುಡೊ ಕೂಡ ಕೆಲಸ ಮಾಡಲ್ಲ.

ಬ್ಯಾಕಪ್‌ಗೆ ಪೆನ್‌ಡ್ರೈವಿಗೆ ಕಾಪಿ ಮಾಡೋಕೆ ಹೋದಾಗ ಇನ್ನೊಂದು ತೊಡಕು, ಅದು ಫ್ಯಾಟ್ ಫಾರ್ಮ್ಯಾಟ್, ಮಾಲೀಕನ ನಂಬರ್ ಇಟ್ಕೊಳ್ಳೋ ಜಾಗವೇ ಅದರಲ್ಲಿಲ್ಲ. ಅದಕ್ಕೆ ಎಲ್ಲಾ ಸೇರಿಸಿ ಒಂದು ಟಾರ್ ಫೈಲ್ ಮಾಡಿ ಹಾಕಿದೆ, ಟಾರ್ ಒಳಗೆ ಮಾಲೀಕ, ಪರ್ಮಿಷನ್ ಎರಡೂ ಉಳಿಯುತ್ತೆ. ಅಪ್ಪ ಈಗ ಸಂಜೆ ಭಟ್ಟಿಯಿಂದ ಬಂದು ತಮ್ಮ ಪಾಸ್‌ವರ್ಡ್ ತಾವೇ ಹಾಕ್ಕೊಂಡು ಚೀಲದ ಲೆಕ್ಕ ಬರೀತಾರೆ.