ಉತ್ತರ ಕರ್ನಾಟಕದ ಕೆರೆಗಳಲ್ಲಿ ಚಳಿಗಾಲದ ಅಪರೂಪದ ಹಕ್ಕಿಯನ್ನು ಗುರುತಿಸಿ ದಾಖಲಿಸುವ ಬಗೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಡಿಸೆಂಬರಿನಲ್ಲಿ ಹೋದವರಿಗೆ ಪಟ್ಟೆತಲೆ ಹೆಬ್ಬಾತು ಅಪರೂಪದ ಹಕ್ಕಿಯೇನಲ್ಲ. ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿಗಳು ಅಲ್ಲಿ ದೊಡ್ಡ ಹಿಂಡುಗಳಲ್ಲಿ ತಂಗುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನಿಜವಾಗಿ ಅಪರೂಪದ್ದು ಬಂದಿದ್ದರೆ ಅದು ಆ ಹಿಂಡಿನೊಳಗೆ ಒಂದೋ ಎರಡೋ ಆಗಿ ಸೇರಿಹೋಗಿರುತ್ತದೆ. ಆದ್ದರಿಂದ ಮೊದಲ ಎರಡು ಮೂರು ಭೇಟಿಗಳನ್ನು ಸಾಮಾನ್ಯ ಹಕ್ಕಿಯನ್ನೇ ಎಲ್ಲ ವಯಸ್ಸಿನಲ್ಲಿ, ಎಲ್ಲ ಭಂಗಿಯಲ್ಲಿ ನೋಡಿ ಪರಿಚಯ ಮಾಡಿಕೊಳ್ಳುವುದಕ್ಕೆ ಮೀಸಲಿಡಬೇಕು.

ಹೆಬ್ಬಾತುಗಳು ಇರುಳು ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹಗಲಿನಲ್ಲಿ ನೀರಿಗೆ ಮರಳಿ ವಿಶ್ರಮಿಸುತ್ತವೆ. ಅವು ಕೆರೆಗೆ ಇಳಿಯುವ ಮುನ್ನವೇ ಸೂರ್ಯ ಬೆನ್ನ ಹಿಂದೆ ಬರುವಂತೆ ಒಂದು ಜಾಗ ಹಿಡಿದು ಕುಳಿತರೆ, ಹಕ್ಕಿಗಳೂ ಬೆದರುವುದಿಲ್ಲ, ಬಣ್ಣವೂ ಸರಿಯಾಗಿ ಕಾಣುತ್ತದೆ. ಬಳಿಕ ಹಿಂಡಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಣಿಸುತ್ತ ಹೋಗಿ. ಎಣಿಸುವ ಕಣ್ಣು ಪ್ರತಿ ತಲೆಯ ಮೇಲೂ ಒಂದು ಗಳಿಗೆ ನಿಲ್ಲುವುದರಿಂದ ಬೇರೆಯಾದದ್ದು ತಾನಾಗಿ ಎದ್ದು ಕಾಣುತ್ತದೆ; ಸುಮ್ಮನೆ ದೃಷ್ಟಿ ಹಾಯಿಸಿದರೆ ಅದು ತಪ್ಪಿಹೋಗುತ್ತದೆ.

ಇಲ್ಲಿ ಹೆಚ್ಚು ಜನ ಎಡವುವುದು ಮರಿಹಕ್ಕಿಯ ವಿಷಯದಲ್ಲಿ. ಮೊದಲ ಚಳಿಗಾಲದ ಪಟ್ಟೆತಲೆ ಹೆಬ್ಬಾತಿಗೆ ಹೆಸರಿಗೆ ಕಾರಣವಾದ ಆ ಎರಡು ಕಪ್ಪು ಪಟ್ಟೆಗಳು ಇನ್ನೂ ಮೂಡಿರುವುದಿಲ್ಲ. ನೆತ್ತಿಯಿಂದ ಕತ್ತಿನ ಹಿಂಬದಿಯವರೆಗೆ ಒಂದೇ ಮಾಸಲು ಬಣ್ಣವಿರುತ್ತದೆ. ಅಂಥದೊಂದನ್ನು ಬೂದು ಹೆಬ್ಬಾತು ಎಂದು ಸಂಭ್ರಮದಿಂದ ಬರೆದುಕೊಂಡು, ಮನೆಗೆ ಬಂದು ಫೋಟೊ ದೊಡ್ಡದು ಮಾಡಿ ನೋಡಿದ ಮೇಲೆ ಆ ಹೆಸರನ್ನು ನಾನೇ ಹೊಡೆದುಹಾಕಿದ್ದುಂಟು. ಬಿಡಿಸಿಕೊಳ್ಳಲು ಕೊಕ್ಕನ್ನೂ ಕಾಲನ್ನೂ ಒಟ್ಟಿಗೆ ನೋಡಬೇಕು. ಬೂದು ಹೆಬ್ಬಾತಿಗೆ ಎರಡೂ ಗುಲಾಬಿ. ಬಿಳಿಹಣೆ ಹೆಬ್ಬಾತಿಗೆ ಕೊಕ್ಕು ಗುಲಾಬಿಯಾದರೂ ಕಾಲು ಕಿತ್ತಳೆ, ಬೆಳೆದ ಹಕ್ಕಿಯಾದರೆ ಕೊಕ್ಕಿನ ಬುಡದಲ್ಲಿ ಬಿಳಿ ಮತ್ತು ಹೊಟ್ಟೆಯ ಮೇಲೆ ಅಡ್ಡಾದಿಡ್ಡಿ ಕಪ್ಪು ಕಲೆಗಳು. ಹಿಂಬದಿ ಜೋತುಬಿದ್ದಂತೆ ಭಾರವಾಗಿದ್ದು, ರೆಕ್ಕೆಯಲ್ಲಿ ಅಲ್ಲಲ್ಲಿ ಬಿಳಿ ಗರಿಗಳಿದ್ದರೆ, ಅದು ಯಾರದೋ ತೋಟದಿಂದ ತಪ್ಪಿಸಿಕೊಂಡು ಬಂದ ಸಾಕುಹಕ್ಕಿಯಿರಬಹುದು.

ಕೆರೆಯಿಂದ ಮರಳುವಾಗ ಕಡಲೆ, ಜೋಳದ ಎರೆಹೊಲಗಳ ಮೇಲೆ ತಗ್ಗಿನಲ್ಲಿ ತೇಲುವ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳನ್ನೂ ಬಿಡಬೇಡಿ. ಅವುಗಳಲ್ಲಿ ಪ್ಯಾಲಿಡ್ ಮತ್ತು ಮಾಂಟೆಗು ಎಂಬ ಎರಡು ಜಾತಿಗಳು ಇಲ್ಲಿಗೆ ಬರುವಂಥವೇ. ಹೆನ್ ಹ್ಯಾರಿಯರ್ ಎನ್ನುವ ಮೊದಲು ರೆಕ್ಕೆಯ ತುದಿಯಲ್ಲಿ ಬೆರಳಿನಂತೆ ಬಿಡಿಬಿಡಿಯಾಗಿ ಕಾಣುವ ಗರಿಗಳನ್ನು ಫೋಟೊದಲ್ಲಿ ಎಣಿಸಬೇಕು. ಅದಕ್ಕೆ ಐದು, ಉಳಿದೆರಡಕ್ಕೆ ನಾಲ್ಕು.

ಟಿಪ್ಪಣಿಯನ್ನು ಹಕ್ಕಿ ಗುರುತಿಸುವ ಪುಸ್ತಕ ತೆರೆಯುವ ಮೊದಲೇ, ಹಕ್ಕಿ ಕಣ್ಣೆದುರು ಇರುವಾಗಲೇ ಬರೆಯಿರಿ. ಚಿತ್ರ ನೋಡಿದ ಮೇಲೆ ನೆನಪು ಚಿತ್ರದ ಕಡೆಗೇ ವಾಲುತ್ತದೆ. ಸಮಯ, ಬೆಳಕಿನ ದಿಕ್ಕು, ದೂರ, ಪಕ್ಕದ ಹಕ್ಕಿಗೆ ಹೋಲಿಸಿದ ಗಾತ್ರ, ಎಷ್ಟು ಹೊತ್ತು ಕಂಡಿತು ಎಂಬುದೆಲ್ಲ ಇರಲಿ. ಹೆಬ್ಬಾತಿನ ಕತ್ತಿನಲ್ಲಿ ಪ್ಲಾಸ್ಟಿಕ್ ಪಟ್ಟಿ ಕಂಡರೆ ಅದರ ಬಣ್ಣವನ್ನೂ ಮೇಲಿನ ಅಕ್ಷರ, ಅಂಕಿಗಳನ್ನೂ ತಪ್ಪದೆ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಹೀಗೆಯೇ ಗುರುತಾಗಿವೆ.

ಹಕ್ಕಿ ನೋಡಿದ್ದನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣಕ್ಕೆ ಸೇರಿಸುವಾಗ ಫೋಟೊದ ಜೊತೆಗೆ ಯಾವ ಸಾಮಾನ್ಯ ಹಕ್ಕಿಯಲ್ಲ, ಏಕೆ ಅಲ್ಲ ಎಂದು ಎರಡು ಸಾಲು ಬರೆದರೆ ಪರಿಶೀಲಿಸುವವರಿಗೆ ಅನುಕೂಲ. ಅವರು ಪ್ರಶ್ನೆ ಕೇಳಿದರೆ ಅದನ್ನು ಅಪನಂಬಿಕೆ ಎಂದುಕೊಳ್ಳದೆ ಟಿಪ್ಪಣಿ ಕಳುಹಿಸಿ. ಕೊಕ್ಕೂ ಕಾಲೂ ಸರಿಯಾಗಿ ಕಾಣದಿದ್ದರೆ ಜಾತಿ ಹೇಳದೆ ಬರೀ ಹೆಬ್ಬಾತು ಎಂದಷ್ಟೇ ನಮೂದಿಸಿ, ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ.